ಹಲ್ಲಿನ ಕುರ್ಚಿಯ ಮುಂದೆ ಬೀಗರ ಹಾಡು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಇಬ್ಬರು ಮರ್ಯಾದಸ್ಥ ಬೀಗಿತ್ತಿಯರ ಸಂಗತಿ. ಅವರಲ್ಲಿ ಒಬ್ಬರ ಬಾಯಿ ಅಷ್ಟು ಹೊತ್ತೂ ತೆರೆದೇ ಇತ್ತು. ಇದನ್ನು ಹೇಳಲು ಇನ್ನೂ ತಿಳಿದವರು ಬೇಕಿತ್ತು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತೊಂಬತ್ತಾರನೆಯ ಇಸವಿ. ಮಳಖೇಡದ ಪದ್ಮಾಬಾಯಿ ದವಡೆ ಹಲ್ಲು ಕೀಳಿಸಿಕೊಳ್ಳಲು ಶಹಾಬಾದದ ಮಗಳ ಮನೆಗೆ ಬಂದಿದ್ದರು. ಕೆನ್ನೆ ಬಾತು ಒಂದು ಕಣ್ಣು ಸಣ್ಣದಾಗಿತ್ತು. ಈಗಾಗಲೇ ಎರಡು ಸಲ ದವಾಖಾನೆಯ ಕುರ್ಚಿಯವರೆಗೆ ಹೋಗಿ, ಇಕ್ಕಳ ಕಂಡೊಡನೆ ಚಪ್ಪಲಿಯನ್ನೂ ಬಿಟ್ಟು ಓಡಿಬಂದಿದ್ದರು. ಆದರೆ ಹಲ್ಲಿಗಿಂತ ದೊಡ್ಡ ಸಂಕಟ ಬೇರೆ ಇತ್ತು. ಮಗಳು ಪ್ರಮಿತಾಳ ಮದುವೆಯಲ್ಲಿ ಅವರು ಬೀಗಿತ್ತಿ ತುಂಗಾಬಾಯಿಯ ಮುಂದೆ, "ನಾಕು ಹಡದೀನಿ, ಒಂದಕ್ಕೂ ಹಾ ಅಂದಿಲ್ಲ" ಎಂದು ಜಂಬ ಕೊಚ್ಚಿದ್ದರು. ಈ ಸಲ ಅದೇ ತುಂಗಾಬಾಯಿ, "ನಾನೂ ಬರ್ತೀನಿ ನಡೀರಿ" ಎಂದು ಜತೆಗೆ ಹೊರಟರು. ಹಲ್ಲು ಹೋದರೆ ಹೋಗಲಿ, ಈಕೆಯ ಮುಂದೆ ಚೀರಿದರೆ ವಾಡಿ, ಚಿತ್ತಾಪುರ, ಸೇಡಂ ತನಕ ಸುದ್ದಿ.

ಡಾಕ್ಟರ್ ಅಮರನಾಥ ಹೊಸ ಹುರುಪಿನವರು. ಹಾಡು ಕೇಳುತ್ತ ಕೂತರೆ ಅಂಜಿಕೆ, ನೋವು ಎರಡೂ ಕಡಿಮೆಯಾಗುತ್ತವೆ ಎಂದು ಎಲ್ಲೋ ಓದಿ, ಟೇಪ್ ರೆಕಾರ್ಡರ್ ತಂದಿಟ್ಟಿದ್ದರು. ಪ್ರಮಿತಾ ದೇವರನಾಮದ ಕ್ಯಾಸೆಟ್ ಕೊಟ್ಟು ಕಳಿಸಿದ್ದಳು. ತಂಬೂರಿ ಮಿಡಿದದ್ದೇ ತಡ, ಪದ್ಮಾಬಾಯಿ ಕುರ್ಚಿಯಿಂದ ಅರ್ಧ ಎದ್ದರು.

"ಬಂದ್ ಮಾಡ್ರಿ, ಬಂದ್ ಮಾಡ್ರಿ! ಎಂಜಲ ಬಾಯಿ, ಉಗುಳು, ರಕ್ತ. ಇದರಾಗ ದೇವರ ಹೆಸರೇನ್ರಿ? ಮಡಿ ಮೈಲಿಗಿ ಅನ್ನೋದು ಏನರ ಅದ ಇಲ್ಲೋ?"

"ಹಾಡು ಇದ್ರ ಛಲೋರಿ ಅಮ್ಮಾ. ಸಿನಿಮಾದ್ದು ಹಚ್ಲೇನು?"

"ಥೂ, ಈ ವಯಸ್ಸಿನ್ಯಾಗ!"

ಮೂಲೆಯ ಬೆಂಚಿನಿಂದ ತುಂಗಾಬಾಯಿ ಕೆಮ್ಮಿದರು. "ದೇವರದೂ ಬ್ಯಾಡ, ಸಿನಿಮಾದ್ದೂ ಬ್ಯಾಡ ಅಂದ್ರ ಉಳದದ್ದು ಬೀಗರ ಹಾಡು. ನನಗ ಬರ್ತಾವ ಡಾಕ್ಟರ. ಹಾಡ್ಲೇನು?"

ಬೀಗರ ಹಾಡೆಂದರೆ ಮದುವೆಯಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯವರ ಮಾನ ಹರಾಜು ಹಾಕುವ ಹಾಡು. ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಹಾಡಿನಲ್ಲೇ ಉತ್ತರ ಕೊಡಬೇಕು. ಕೊಡದವರು ಸೋತಂತೆ. ಪದ್ಮಾಬಾಯಿ ಬ್ಯಾಡ ಎನ್ನಲು ಬಾಯಿ ತೆರೆದರು. ಡಾಕ್ಟರು ಅದೇ ಸಂದು ನೋಡಿ ಸೂಜಿ ಚುಚ್ಚಿಬಿಟ್ಟರು. ದವಡೆ, ನಾಲಿಗೆ ಮರಗಟ್ಟಿದವು. ಇಕ್ಕಳ ಒಳಗೆ ಹೋಯಿತು, ಹಾಡು ಹೊರಗೆ ಬಂತು.

"ಮಳಖೇಡದ ಬೀಗಿತ್ತಿ ಬುಂದೆ ಉಂಡಿ ತಂದಾಳ,
ಬುಟ್ಟಿ ತುಂಬ ಕಟ್ಟಿ ಹಾದ್ಯಾಗ ಅರ್ಧ ತಿಂದಾಳ..."

"ಆಂ! ಆಂ!" ಎಂದರು ಪದ್ಮಾಬಾಯಿ. ತಿಂದದ್ದು ನಿನ್ನ ಮೈದುನ ಎಂದು ಹೇಳಬೇಕಿತ್ತು.

"ಹಂಗೇ ಇರ್ರಿ ಅಮ್ಮಾ, ಭಾಳ ಛಲೋ," ಎಂದರು ಡಾಕ್ಟರು.

"ಚಕ್ಕುಲಿ ಅಂತ ಕೊಟ್ಟಾಳ, ಕಚ್ಚಿ ನೋಡೇನಂದ್ರ
ಶಹಾಬಾದಿ ಫರಸಿ ಕಲ್ಲೇ ಮೆತ್ತಗ ಅದರ ಮುಂದ..."

ಡಾಕ್ಟರು ನಗು ತಡೆಯಲು ತುಟಿ ಕಚ್ಚಿದರು. ಪದ್ಮಾಬಾಯಿಯ ಕಾಲಿಗೆ ಓಡುವುದು ನೆನಪಾಗಲಿಲ್ಲ. ತಲೆಯೊಳಗೆ ಉತ್ತರ ಕಟ್ಟುತ್ತಿದ್ದರು. 'ಶಹಾಬಾದದ ಬೀಗಿತ್ತಿ ಸಾರು ಕಾಸ್ಯಾಳ, ಬ್ಯಾಳಿ ಹುಡುಕಲಿಕ್ಕ ಕಂದೀಲು ಹಚ್ಚ್ಯಾಳ.' ಎರಡನೆಯ ಸಾಲಿನ ತಾಳ ಸ್ವಲ್ಪ ಉಳುಕಿತ್ತು, ಅದನ್ನು ಸರಿಮಾಡುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿ ಟಣ್ ಎಂದಿತು.

"ಮುಗೀತ್ರಿ!" ಡಾಕ್ಟರು ಹತ್ತಿ ತುರುಕಿದರು. "ನೋಡ್ರಿ, ಹಾಡಿನ ಶಕ್ತಿ! ಅರ್ಧ ತಾಸು ಕಚ್ಚಿ ಹಿಡೀರಿ. ಮಾತಾಡಬ್ಯಾಡ್ರಿ."

ಚೀರಲಿಲ್ಲ. ಮಾನ ಉಳಿಯಿತು ಎಂದು ಪದ್ಮಾಬಾಯಿ ಉಸಿರು ಬಿಡುವಷ್ಟರಲ್ಲಿ ತುಂಗಾಬಾಯಿ ಹತ್ತಿರ ಬಂದು ಬಾಗಿದರು. "ಉತ್ತರ ಬರ್ಲಿಲ್ಲಲ್ಲ, ಪದ್ಮಾಬಾಯಾರ? ಹಂಗಾದ್ರ ಸೋತಂಗಾತು."

ಪದ್ಮಾಬಾಯಿ ಹತ್ತಿ ಕಿತ್ತು ಎಸೆದು, ಎದ್ದು ನಿಂತು ಹಾಡಿದರು. ಮರಗಟ್ಟಿದ ನಾಲಿಗೆಯಿಂದ ಬಂದ ಆ ಹಾಡಿನಲ್ಲಿ ಒಂದು ಅಕ್ಷರವೂ ಯಾರಿಗೂ ತಿಳಿಯಲಿಲ್ಲ. ರಾಗ ಮಾತ್ರ ಸರಿಯಾಗಿತ್ತು. ಡಾಕ್ಟರು ಹೊಸ ಹತ್ತಿ ಹಿಡಿದು ಸುತ್ತಲೂ ಓಡಾಡಿದರು. ತುಂಗಾಬಾಯಿ ನಕ್ಕು ನಕ್ಕು ಬೆಂಚು ಹಿಡಿದು ಕುಂತರು. ಆಮೇಲೆ ಕಣ್ಣೊರೆಸಿಕೊಂಡು, ಬೀಗಿತ್ತಿಯ ರಟ್ಟೆ ಹಿಡಿದು ಮೆಲ್ಲಗೆ ಆಟೋ ಹತ್ತಿಸಿದರು.

ಅಂದು ಪದ್ಮಾಬಾಯಿಯನ್ನು ಕುರ್ಚಿಯಲ್ಲಿ ಕೂಡಿಸಿದ್ದು ಹಾಡೋ, ಸಿಟ್ಟೋ, ಡಾಕ್ಟರಿಗೂ ಗೊತ್ತಿಲ್ಲ. ತುಂಗಾಬಾಯಿ ಹಾಡಿದ್ದು ಕಾಲೆಳೆಯಲೋ, ಆ ಕಾಲು ಮತ್ತೆ ಓಡದಿರಲೆಂದೋ, ಪದ್ಮಾಬಾಯಿ ಕೇಳಲೇ ಇಲ್ಲ. ಹಾಗಾಗಿ ಅದೂ ಗೊತ್ತಿಲ್ಲ.