ಒಂದೇ ಮುದ್ದೆಗಾಗುವಷ್ಟು ಹಿಟ್ಟು

ಎಸರು ಇನ್ನೂ ಮರಳಿಲ್ಲ, ಪಾತ್ರೆಯ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆ ಏಳುತ್ತವೆ ಒಡೆಯುತ್ತವೆ, ಇನ್ನೊಂದು ಗಳಿಗೆ ಬೇಕು, ಗ್ಯಾಸು ಮುಗಿಯುತ್ತಾ ಬಂತೋ ಏನೋ ಉರಿ ನೀಲಿಗಿಲ್ಲ, ಕೆಂಪಗೆ ಆಡುತ್ತಿದೆ — ಚಿಕ್ಕನಂಜಮ್ಮ ಒಲೆಕಟ್ಟೆಗೆ ಎರಡೂ ಅಂಗೈ ಊರಿ ನಿಂತಿದ್ದಾಳೆ, ಕೂತರೆ ಮತ್ತೆ ಏಳಬೇಕಲ್ಲ ಎಂದು ಕೂತಿಲ್ಲ, ಇಷ್ಟು ಚಿಕ್ಕ ಪಾತ್ರೆಯಲ್ಲಿ ಯಾವತ್ತು ಹಿಟ್ಟು ತಿರುವಿದ್ದೆ ಅಂತ ನೆನೆಸಿಕೊಂಡರೆ ನೆನಪಿಗೇ ಬರುವುದಿಲ್ಲ, ಈ ಕೊತ್ತತ್ತಿಗೆ ಸೊಸೆಯಾಗಿ ಬಂದಾಗ ಅತ್ತೆ ತೋರಿಸಿದ ಮಡಕೆಯೊಳಗೆ ಕೂಸು ಮಲಗಿಸಬಹುದಿತ್ತು, ನಾಟಿ ಕಾಲದಲ್ಲಿ ಆಳುಗಳೂ ಸೇರಿ ಅಷ್ಟು ಮಂದಿ, ರಟ್ಟೆ ಬಿದ್ದುಹೋಗುತ್ತಿತ್ತು, ಇವತ್ತು ಒಂದೇ ಮುದ್ದೆಗಾಗುವಷ್ಟು ಹಿಟ್ಟು, ಅದರಲ್ಲೂ ಬೇಕಾದ್ದು ಕಡಲೆಬೀಜದಷ್ಟು. ನಡುಮನೆಯಿಂದ ಮಂಚ ಕಿರುಗುಟ್ಟಿದ ಸದ್ದು. ಎಚ್ಚರವಾಗಿದೆ ಗಂಡ ಹುಚ್ಚೀರಯ್ಯನಿಗೆ. ವಾಸನೆ ಹೋಗಿರಬೇಕು, ಹುರುಳಿಕಾಳು ಬೆಂದ ವಾಸನೆಯನ್ನ ಯಾವ ಮನೆಯಲ್ಲಿ ಬಚ್ಚಿಡೋಕಾಗುತ್ತೆ.

ಮುದ್ದೆ ಒಂದು ಮಾತ್ರ ಬೇಡ ಅಜ್ಜಿ, ಅಂದಿದ್ದರು ಮಂಡ್ಯದ ಆಸ್ಪತ್ರೆಯ ಡಾಕ್ಟರಮ್ಮ, ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದಿರೋದಷ್ಟೇ ಅಲ್ಲ, ಗಂಟಲು ನುಂಗೋದನ್ನೇ ಮರೆತಿದೆ, ಗಟ್ಟಿ ಕೊಟ್ಟರೆ ಹೊಟ್ಟೆಗೆ ಹೋಗೋದು ಶ್ವಾಸಕ್ಕೆ ಹೋಗುತ್ತೆ, ಗಂಜಿ ಕೊಡಿ, ತೀರಾ ನೀರಾಗೂ ಬೇಡ ಗಟ್ಟಿಯಾಗೂ ಬೇಡ, ಕೂರಿಸಿ, ಗದ್ದ ತಗ್ಗಿಸಿ, ಒಂದೊಂದೇ ಚಮಚ. ಊಂ ಅಂದಿದ್ದಳು. ಹಾಗೇ ಮಾಡುತ್ತಲೂ ಇದ್ದಳು, ಮೊದಮೊದಲು ಇಳಿಯುತ್ತಿತ್ತು, ಈಗ ಮೊನ್ನೆಯಿಂದ ಚಮಚ ಕಂಡರೆ ತುಟಿ ಬಿಗಿಯುತ್ತಾನೆ, ಮೂಗು ಹಿಡಿದು ಕುಡಿಸೋಕೆ ಕೂಸಲ್ಲ, ಒಂದೇ ಮಾತು ಆಚೆ ಬರುತ್ತದೆ, ಇಟ್ಟು, ಅಷ್ಟೇ, ಈ ಸೀಮೆಯಲ್ಲಿ ಮುದ್ದೆಗೆ ಹೆಣ್ಣುಗಂಡು ಎಲ್ಲರೂ ಅನ್ನುವ ಮಾತು, ಮಿಕ್ಕ ಮಾತೆಲ್ಲ ಬಾಯೊಳಗೇ ಕಲಸಿಹೋಗುತ್ತವೆ, ಇದೊಂದು ಮಾತ್ರ ಸ್ಪಷ್ಟವಾಗಿ, ಮೊನ್ನೆ ಗಂಜಿ ಹಿಡಿದಾಗ ಎಡಗೈಯಲ್ಲಿ ಅವಳ ಬಳೆ ಮುಟ್ಟಿದ, ಮಣಿಕಟ್ಟಿನಲ್ಲಿರಬೇಕಾದ ಬಳೆ ಮೊಣಕೈಗೆ ಜಾರಿತ್ತು, ಅದನ್ನ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಇಟ್ಟು, ಅಂದ. ಆಯ್ತು ಬುಡಿ, ಗುಣವಾಗ್ಲಿ, ಎರಡೆರಡು ಉಣ್ಣೋರಂತೆ, ಅಂದು ಎದ್ದುಬಂದಿದ್ದಳು.

ಬೆಳಗ್ಗೆ ಪುಷ್ಪಾ ಮದ್ದೂರಿನ ಗಾರ್ಮೆಂಟ್ಸಿಗೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಳು, ಅತ್ತೆ, ಆಸ್ಪತ್ರೆಗೆ ಫೋನ್ ಮಾಡಿ ಕೇಳ್ದೆ, ಇವತ್ತೂ ಮಾವ ಕುಡೀಲಿಲ್ಲ ಅಂದ್ರೆ ನಾಳಿಕೆ ಕರ್ಕಂಬನ್ನಿ ಅಂದ್ರು, ಮತ್ತೆ ಮೂಗಿಗೆ ಪೈಪಾಕ್ತಾರಂತೆ. ಸೊಸೆಯ ಕಣ್ಣಲ್ಲೂ ನಿದ್ದೆ ಇರಲಿಲ್ಲ, ಅವಳನ್ನ ಏನನ್ನೋದು. ಮಗ ಅಂಬರೀಶ ಟ್ರ್ಯಾಕ್ಟರ್ ಹತ್ತಿ ಕುಂತವನು, ಅವ್ವ, ಏನಾರ ಮಾಡಿ ಇಳ್ಸವ್ವ ಎರಡ್ ಗುಟುಕ, ಅಪ್ಪಂಗೆ ಅದೊಂದ್ ಬ್ಯಾಡ, ಅಂದ. ಅದೊಂದು ಅಂದರೆ ಪೈಪಲ್ಲ, ಕಟ್ಟು. ಆಸ್ಪತ್ರೆಯಲ್ಲಿ ಮೂಗಿನ ಪೈಪನ್ನ ಕಿತ್ತುಹಾಕುತ್ತಾನೆ ಅಂತ ಇದ್ದೊಂದು ಎಡಗೈಯನ್ನ ಬಟ್ಟೆಪಟ್ಟಿಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು, ಏನು ಮಾಡೋದಮ್ಮ, ಅವರ ಒಳ್ಳೇದಕ್ಕೇ, ಅಂದಿದ್ದಳು ನರ್ಸು, ಅದೂ ನಿಜವೇ, ಆದರೆ ಕಟ್ಟಿದ ಕೈಯನ್ನ ಅವನು ನೋಡಿಕೊಳ್ಳುತ್ತಿದ್ದ ರೀತಿ — ಊರಿಗೆಲ್ಲ ಕಾಲುವೆ ತೂಬು ಎತ್ತಿದ ನೀರುಗಂಟಿಯ ಕೈ, ನೀರು ಬುಟ್ಟಿವ್ನಿ ಕಣ್ರಲಾ ಅಂತ ಕೂಗಿದರೆ ಕೆಳಗಿನ ಗದ್ದೆಗೂ ಕೇಳುತ್ತಿದ್ದ ಗಂಟಲು, ಆ ಗಂಟಲ ಗಂಟು ಆಸ್ಪತ್ರೆಯ ದಿಂಬಿನ ಮೇಲೆ ಅಲುಗದೆ, ಪೈಪು ಒಳಗೆ ಇಳಿಸಿದರೂ ಅಲುಗದೆ, ಕಲ್ಲಿನ ಹಾಗೆ.

ಎಸರು ಮರಳಿತು. ಹಿಟ್ಟು ಸುರಿದಳು, ನಡುವೆ ಗೋಪುರದ ಹಾಗೆ ನಿಂತಿತು, ಬೇಯಲಿ. ಗಂಟಲ ಗಂಟು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಮುಖ ನೋಡುವ ಧೈರ್ಯವೆಲ್ಲಿತ್ತು, ಅಡಿಗೆಮನೆಯ ಬಾಗಿಲ ಮರೆಯಿಂದ ಕಾಣುತ್ತಿದ್ದದ್ದು ಅದೊಂದೇ, ಬೆರಳಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಗಂಟು ಸರಕ್ಕನೆ ಮೇಲೇರಿ ಇಳಿಯುತ್ತಿತ್ತು, ಅಗಿಯೋದಿಲ್ಲ ಯಾರೂ, ಅಗಿದರೆ ಮುದ್ದೆ ಹಲ್ಲಿಗೆ ಮೆತ್ತುತ್ತದೆ, ಬೆಳಕವಾಡಿಯಲ್ಲಿ ತನ್ನ ಅವ್ವನೂ ಹಾಗೇ ಕಲಿಸಿದ್ದು, ನುಂಗು ಕೂಸೇ, ಅದು ದಾರಿ ಗೊತ್ತಿರೋ ಊಟ. ಸಾರು ಚೆನ್ನಾಗಿದೆ ಅಂತ ಬಾಯಿಬಿಟ್ಟು ಅಂದ ಗಂಡಸಲ್ಲ ಅವನು, ಉಪ್ಪು ಜಾಸ್ತಿಯಾದರೆ ಗಂಟು ಮೇಲೇರಿ ಒಂದು ಚೂರು ನಿಲ್ಲುತ್ತಿತ್ತು, ಹದವಾಗಿದ್ದರೆ ನಿಲ್ಲದೆ ಏರಿಳಿಯುತ್ತಿತ್ತು, ಅಷ್ಟರಿಂದಲೇ ತಿಳಿದುಕೊಂಡು ಅಡಿಗೆ ಕಲಿತಳು. ಅವನು ಉಂಡು ಕೈ ತೊಳೆದು ಕಾಲುವೆ ಏರಿಯ ಕಡೆ ಹೋದ ಮೇಲೆ ಒಲೆಯ ಮುಂದೆ, ಗೋಡೆಗೆ ಮುಖ ಮಾಡಿ, ತಾನು. ಗಂಡ ಉಣ್ಣದೆ ಹೆಂಡತಿ ಬಾಯಿಗಿಡೋದುಂಟೇ. ಮೊಮ್ಮಕ್ಕಳಾದವು, ಪುಷ್ಪಾ ಗಂಡನ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಟಿ.ವಿ. ನೋಡುತ್ತಾ ಉಣ್ಣುತ್ತಾಳೆ, ಉಣ್ಣಲಿ, ಚೆನ್ನಾಗೇ ಕಾಣುತ್ತದೆ, ಆದರೆ ತನಗೆ ಆ ಅಭ್ಯಾಸ ಬರಲಿಲ್ಲ, ತಾನು ಉಣ್ಣೋದನ್ನ ಅವನು ಒಂದು ದಿನವಾದರೂ ನೋಡಿದ್ದಾನೋ ಇಲ್ಲವೋ.

ಕೋಲು ಹಿಡಿದು ತಿರುವಿದಳು, ಉಸಿರು ಕಟ್ಟಿತು, ನಿಲ್ಲಿಸಿ ಸೆರಗಿನಲ್ಲಿ ಹಣೆ ಒರೆಸಿಕೊಂಡು ಮತ್ತೆ, ಕಣ್ಣ ಮುಂದೆ ಬೂದಿಬಣ್ಣ ಸುಳಿದು ಹೋಯಿತು. ಹೊಟ್ಟೆಯಲ್ಲಿ ಏನಿದೆ, ಟೀ. ಅವನು ಬಿಟ್ಟ ಗಂಜಿ. ಲಕ್ವಾ ಹೊಡೆದಾಗಿನಿಂದ ಈ ಮನೆಯಲ್ಲಿ ಮುದ್ದೆ ಮಾಡಿಲ್ಲ, ವಾಸನೆ ಹಿಡಿದು ಅವನು ಅಲ್ಲಿ ಬಾಯಾಡಿಸೋದು ಬೇಡ ಅಂತ ತಾನೇ ಹೇಳಿ ನಿಲ್ಲಿಸಿದಳು, ರಾತ್ರಿ ಪುಷ್ಪಾ ಅನ್ನ ಬೇಯಿಸುತ್ತಾಳೆ, ಅತ್ತೆ ನಿಮಗೆ, ಅಂದರೆ ಹೊಟ್ಟೆ ಸರಿಯಿಲ್ಲ ಕಣಮ್ಮ ಅನ್ನುತ್ತಾಳೆ. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದವಳನ್ನ ಹಿಂದಲ ಗೋಡೆಯ ಮೇಲಿಂದ ಪಕ್ಕದ ಮನೆಯ ಸೋಮಮ್ಮ ನಿನ್ನೆ ಹಿಡಿದೇ ಬಿಟ್ಟಳು, ಏನ್ ನಂಜಮ್ಮ, ಕದ್ದು ತಿಂತಿದ್ದೀಯಾ, ತೋರ್ಸು, ಥೂ, ಟೀಗೆ ಕಳ್ಳೆಪುರಿ. ಸುಮ್ಕಿರು ಕಣವ್ವ, ಆಯಪ್ಪ ಅಂಗೆ ಬಾಯ್ ಕಟ್ಕಂಡು ಮನಗಿರುವಾಗ ನಾನು ಇಟ್ಟು ನುಂಗ್ಲಾ, ಅಂದಳು ಇವಳು. ನುಂಗ್ಬ್ಯಾಡ ಬುಡು, ಅವನ್ನ ಎತ್ತಾಕ್ಕೆ ನೀನು, ನಿನ್ನ ಎತ್ತಾಕ್ಕೆ ನಾನು, ನನ್ನ ಎತ್ತಾಕ್ಕೆ ಜೆಸಿಬಿ ತರ್ಸಿ. ಇಬ್ಬರೂ ನಕ್ಕರು, ನಕ್ಕರೆ ಪಕ್ಕೆ ನೋವು, ಆಮೇಲೆ ಸೋಮಮ್ಮ ಹೋಗಿ ಕೀರೆಸೊಪ್ಪಿನ ಕಂತೆ ತಂದು ಗೋಡೆಯ ಮೇಲಿಟ್ಟಳು, ಉಪ್ಸಾರು ಮಾಡ್ಕೊ, ಏನೂ ಬ್ಯಾಡ ಅದ್ಕೆ, ಮನೇಲಿ ಇರೋದೇ ಸಾಕು.

ಮನೆಯಲ್ಲಿರೋದೇ. ಡಬ್ಬಿಯ ತಳದಲ್ಲಿ ಹಿಡಿ ಹುರುಳಿಕಾಳು, ಆ ಸೊಪ್ಪು, ಉಪ್ಪು, ಬೆಂದ ಮೇಲೆ ಬಸಿದ ನೀರೇ ಸಾರು, ಅದಕ್ಕೆ ಒಂದು ಖಾರ, ಒಣಮೆಣಸಿನಕಾಯಿ ಸುಟ್ಟು ಬೆಳ್ಳುಳ್ಳಿ ಜೀರಿಗೆ ಹುಣಸೆ ಹಾಕಿ ಅರೆದರೆ ಆಯಿತು, ಮಿಕ್ಸಿಯಲ್ಲಿ ಇಷ್ಟು ಕಮ್ಮಿಯದು ಬ್ಲೇಡಿಗೆ ಸಿಕ್ಕೋದಿಲ್ಲ ಅಂತ ಕಲ್ಲಿನಲ್ಲೇ ಅರೆದಳು, ರಟ್ಟೆ ಬೇಡ ಅಂದರೂ ಕೈ ತಾನೇ ಅರೆಯಿತು. ಪುಷ್ಪಾಗೆ ಹೇಳಿಲ್ಲ. ಅಂಬರೀಶನಿಗೆ ಹೇಳಿಲ್ಲ. ಕಡಲೆಬೀಜದಷ್ಟು ಮುದ್ದೆಯನ್ನ ಸಾರಿನಲ್ಲಿ ಕರಗೋ ಹಾಗೆ ನೆನೆಸಿ ನಾಲಗೆಯ ಮೇಲೆ ಇಟ್ಟರೆ ರುಚಿಗೆ ಗಂಟಲಿಗೆ ನೆನಪು ಬರಬಹುದು, ಬಂದರೆ ಗಂಜಿಯೂ ಇಳಿಯಬಹುದು, ನಾಳೆ ಕೈ ಕಟ್ಟಿಸಿಕೊಳ್ಳೋದು ತಪ್ಪಬಹುದು, ಬರದಿದ್ದರೆ, ಶ್ವಾಸಕ್ಕೆ ಹೋದರೆ — ಅಲ್ಲಿಗೆ ಯೋಚನೆ ನಿಲ್ಲಿಸಿದಳು, ಯೋಚನೆಗೂ ಆಯಾಸ. ಮುದ್ದೆ ಕಟ್ಟಿದಳು. ಬಿಸಿಗೆ ಅಂಗೈ ಚುರುಗುಟ್ಟಿತು, ಅದೊಂದು ಹಿತವೇ. ಬಟ್ಟಲಲ್ಲಿ ಮುದ್ದೆ, ಸಾರು, ಖಾರ, ಇನ್ನೊಂದು ಲೋಟದಲ್ಲಿ ಆರಿದ ಗಂಜಿ, ಚಮಚ.

ದಿಂಬು ಕೊಟ್ಟು ಕೂರಿಸಿದಳು, ಗದ್ದ ತಗ್ಗಿಸಿದಳು, ಅವನ ಕಣ್ಣು ಬಟ್ಟಲ ಮೇಲೆ, ಹೊಳೆಯಿತು, ಸೊಟ್ಟಬಾಯಿ ಒಂದು ಕಡೆ ಎದ್ದಿತು, ಇಟ್ಟು. ಊಂ, ಇಟ್ಟೇ, ಉಪ್ಸಾರು, ನೋಡಿ, ಇಷ್ಟೇ ಇಷ್ಟು, ಕಚ್ಚಬ್ಯಾಡಿ, ಮೆಲ್ಲಗೆ, ಅಂದು ಚೂರು ಮುರಿದು ಸಾರಿನಲ್ಲಿ ಹಿಸುಕಿ ತುಟಿಯ ಹತ್ತಿರ ಹಿಡಿದಳು. ತುಟಿ ಬಿಗಿಯಿತು. ಇದಕ್ಕೂ ಇಲ್ಲವೇ, ಇದಕ್ಕೂ, ಇನ್ನೇನು ತರಲಿ ನಾನು, ಇನ್ನು ಕೈಲಾಗೋದಿಲ್ಲ ಕಣ್ರೀ, ಅಂತ ಅಂದಳೋ ಅಂದುಕೊಂಡಳೋ, ಅವನ ಎಡಗೈ ಬಂದು ಅವಳ ಮಣಿಕಟ್ಟು ಹಿಡಿಯಿತು, ಬಳೆ ಜಾರಿತು, ತೂಬು ಎತ್ತಿದ ಕೈಯಲ್ಲಿ ಇನ್ನೂ ಬಲವಿದೆ, ತಳ್ಳಿತು, ತಳ್ಳಿದ್ದು ಪಕ್ಕಕ್ಕಲ್ಲ, ಅವಳ ಕಡೆಗೆ, ಅವಳ ಗದ್ದದವರೆಗೆ, ಅವಳ ಬಾಯಿಯವರೆಗೆ. ನಂಜಿ. ಉಣ್ಣು. ಎರಡು ಮಾತಿಗೆ ಅವನ ಹಣೆಯ ನರ ಉಬ್ಬಿತ್ತು.

ಬಾಗಿಲ ಕಡೆ ನೋಡಿದಳು, ಯಾರೂ ಇಲ್ಲ, ಹುಚ್ಚಾ ನಿಮಗೆ, ನೀವು ಉಣ್ಣದೆ ನಾನು ಎಂಗೆ, ಕೈ ಬುಡಿ — ಬಿಡಲಿಲ್ಲ. ಮೊನ್ನೆಯಿಂದ ತುಟಿ ಬಿಗಿದದ್ದು, ಬಳೆ ಆಡಿಸಿದ್ದು, ಇಟ್ಟು ಇಟ್ಟು ಅಂದದ್ದು, ಎಲ್ಲ ಇದಕ್ಕೇ, ಮಂಚದ ಮೇಲಿಂದ ಹಿತ್ತಲ ಬಾಗಿಲು ಕಾಣುತ್ತದೆ, ಕಳ್ಳೆಪುರಿಯ ಪೊಟ್ಟಣ ಹಿಡಿದು ಕೂರುವ ಮೆಟ್ಟಿಲೂ ಕಾಣುತ್ತದೆ, ಅದು ಅವಳಿಗೆ ಹೊಳೆದಿರಲೇ ಇಲ್ಲ. ನಾಚಿಕೆ, ಈ ವಯಸ್ಸಿಗೆ ಕಿವಿಯವರೆಗೂ ನಾಚಿಕೆ. ಬಾಯಿ ತೆರೆದಳು. ಬಿಸಿ, ಉಪ್ಪು, ಸುಟ್ಟ ಮೆಣಸಿನಕಾಯಿ ಮೂಗಿಗೇರಿ ಕಣ್ಣಲ್ಲಿ ನೀರು, ಒಣಗಿದ ಗಂಟಲು ಮೊದಲು ಒಲ್ಲೆ ಅಂದಿತು, ಆಮೇಲೆ ದಾರಿ ಕೊಟ್ಟಿತು, ಇಳಿಯಿತು, ಎದೆಯೊಳಗೆ ಇಳಿದದ್ದೂ ತಿಳಿಯಿತು. ಅವನು ನೋಡುತ್ತಿದ್ದ, ಮುಖವನ್ನಲ್ಲ, ಅವಳ ಗಂಟಲನ್ನ, ಬಾಗಿಲ ಮರೆಯಿಂದ ಅವಳು ನೋಡುತ್ತಿದ್ದ ಹಾಗೆ. ಇನ್ನೊಂದು ತುತ್ತು ಅವಳೇ ಮುರಿದಳು. ನುಂಗಿದಳು. ಅದರ ಜೊತೆಗೇ, ಬಾಯಲ್ಲಿ ಏನೂ ಇಲ್ಲದೆ, ಅವನ ಗಂಟಲ ಗಂಟು ಅಲುಗಿತು.

ಚಮಚ ಯಾವಾಗ ಎತ್ತಿಕೊಂಡಳೋ, ಗಂಜಿ ತುಟಿಗೆ ತಾಗಿತು, ತುಟಿ ಬಿಟ್ಟಿತು, ಗದ್ದ ತಗ್ಗಿಸಿ, ಹಾಂ, ತಗ್ಗಿಸಿ, ಮೂರನೆಯ ತುತ್ತು ಅವಳ ಬಾಯೊಳಗೇ ಇದೆ, ನುಂಗೋದು ಮರೆತಿದ್ದಾಳೆ, ಒಲೆಯ ಮೇಲೆ ಏನೋ ಸೀಯುತ್ತಿದೆ, ಸೀಯಲಿ, ಆ ಗಂಟು, ನರೆತ ಕೂದಲಿನ ನಡುವೆ, ಮೇಲೇರಿತು, ಮೇಲೇರಿ ನಿಂತಿತು, ಉಪ್ಪು ಜಾಸ್ತಿಯಾದ ದಿನ ನಿಲ್ಲುತ್ತಿದ್ದ ಹಾಗೆ ನಿಂತಿತು — ಇಳಿಯಿತು.