ಎರಡು ನಂಬರ್ ದೊಡ್ಡ ಬೂಟು

ಬಂದರಿನಲ್ಲಿ ಮೀನು ಲಾರಿಗಳು ನಿಲ್ಲುವ ಓಣಿಯೊಳಗೆ ಸುಹರಾಳ ಅಂಗಡಿ. ಟಾರ್ಪಾಲು, ರೈನ್‌ಕೋಟು, ಗಂಬೂಟು, ಹಗ್ಗ, ಹೀಗೆ ನೀರಿನೊಡನೆ ಹೊಡೆದಾಡುವವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರಿನಲ್ಲಿ ನೊಣ ಹೊಡೆಯುವುದೇ ಕೆಲಸ. ಅಂಥ ಒಂದು ಡಿಸೆಂಬರಿನ ಬೆಳಿಗ್ಗೆ ಉರ್ವದಲ್ಲಿ ಹೊಟೇಲು ನಡೆಸುವ ಸುಂದರಣ್ಣ ಮಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ವರ್ಷಾ ವರ್ಷಾ ಹೊಟೇಲಿನ ಹಿಂಬದಿಗೆ ಟಾರ್ಪಾಲು ಒಯ್ಯುವ ಗಿರಾಕಿ ಅವರು.

"ಅಕ್ಕ, ತಂಪು ನೀರಲ್ಲಿ ನಿಲ್ಲುವ ಬೂಟು ಉಂಟಾ?"

"ತಂಪಾ, ಚಳಿಯಾ?"

"ಎರಡೂ ಒಂದೇ ಅಲ್ವಾ ಮಾರಾಯ್ರೆ?"

"ಒಂದಲ್ಲ ಸುಂದರಣ್ಣ. ನಿಮ್ಮ ಫ್ರಿಜ್ಜಿನ ಸೋಡ ತಂಪು. ಚಳಿ ಬೇರೆ."

ಮಗ ವಿನೀತ್ ಮುಂದೆ ಬಂದ. ಇಪ್ಪತ್ತಾರರ ಹುಡುಗ. ಹೊಟೇಲಿನ ಟೆರೇಸಿನಲ್ಲಿ ಹಳೆ ಟ್ಯಾಂಕಿಗಳಲ್ಲಿ ಬಣ್ಣದ ಮೀನು ಸಾಕಿ ಸಾಕಿ, ಕೊನೆಗೆ ಮೀನಿನದ್ದೇ ಕೆಲಸ ಹಿಡಿದಿದ್ದ. ಹಿಮಾಚಲದಲ್ಲಿ ಟ್ರೌಟ್ ಮೀನು ಸಾಕುವ ಒಂದು ಕಡೆ. ಹಿಮ ಕರಗಿ ಬರುವ ನೀರನ್ನು ಸಿಮೆಂಟಿನ ಕಾಲುವೆಗೆ ಹರಿಸಿ ಮೀನು ಬೆಳೆಸುತ್ತಾರೆ. ಅದರಲ್ಲಿ ಇಳಿದು ನಿಂತು ಮೀನು ವಿಂಗಡಿಸಬೇಕು. ಸಂಜೆಯ ರೈಲಿಗೆ ಹೊರಡುವವ.

"ನೀರು ಐದು ಡಿಗ್ರಿ ಅಂತೆ ಅಕ್ಕ. ಎದೆವರೆಗೆ ಬರುವ ಬೂಟು, ವೇಡರ್ ಅಂತ, ಅದು ನಾವೇ ತರ್ಬೇಕಂತೆ. ಫೋನಲ್ಲಿ ಆರ್ಡರ್ ಮಾಡಿದ್ದೆ, ನಾಳೆ ಬರ್ತದೆ ಅಂತ ಈಗ ಮೆಸೇಜ್."

"ದಿನಕ್ಕೆ ಎಷ್ಟು ಹೊತ್ತು ನಿಲ್ಬೇಕು?"

"ಆರು ಗಂಟೆ. ನನಗಿಂತ ಮೊದಲು ಇದ್ದವನ ಕಾಲು ಹಾಳಾಗಿ ಮೂರೇ ವಾರಕ್ಕೆ ಕಳಿಸಿದ್ರಂತೆ. ನನ್ನನ್ನೂ ಹಾಗೆ ಕಳಿಸಿದ್ರೆ ಮತ್ತೆ ಯಾರೂ ಕರೆಯುವುದಿಲ್ಲ."

"ಇವನೂ ಜನವರಿಗೆ ಬರ್ತಾನೆ, ನೀವು ನೋಡಿ," ಸುಂದರಣ್ಣ ನಕ್ಕರು. "ಊರ ಸೆಕೆಗೆ ಫ್ಯಾನ್ ಐದರಲ್ಲಿ ಇಟ್ಟು ಮಲಗುವವ, ಇವನಿಗೆ ಚಳಿ ಎಲ್ಲಿ ಗೊತ್ತುಂಟು?"

ವಿನೀತ್ ಹೆಗಲ ಬ್ಯಾಗನ್ನು ಬೆಂಚಿನ ಮೇಲಿಟ್ಟ. ಈ ಮಾತು ಅವನು ಬಹಳ ದಿನದಿಂದ ಕೇಳುತ್ತಾ ಬಂದಿದ್ದಾನೆಂದು ಅವನ ಕಿವಿ ಕೆಂಪಾದದ್ದರಲ್ಲೇ ಸುಹರಾಳಿಗೆ ಗೊತ್ತಾಯಿತು.

ಅವಳು ಅಟ್ಟದಿಂದ ಎರಡು ಕಟ್ಟು ಇಳಿಸಿದಳು. ಪಣಂಬೂರಿನ ಒಬ್ಬ ಗುತ್ತಿಗೆದಾರ ನೀರಿಗಿಳಿಯುವ ಕೆಲಸದವರಿಗೆಂದು ತರಿಸಿ, ಒಯ್ಯದೆ ಬಿಟ್ಟದ್ದು. ಬೂಟಿನಿಂದ ಎದೆಯವರೆಗೆ ಒಂದೇ ತುಂಡು, ಹೆಗಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು. ಸ್ಪಂಜಿನಂಥ ದಪ್ಪ ರಬ್ಬರು. ಕೈಯಲ್ಲಿ ಒತ್ತಿದರೆ ಒಳಗೆ ಹೋಗಿ ಮೆಲ್ಲ ಹಿಂದೆ ಬರುವಂಥದ್ದು. ಒಂದು ಎಂಟನೇ ನಂಬರು, ಇನ್ನೊಂದು ಹತ್ತು.

ವಿನೀತನ ಕಾಲು ಎಂಟು. ಎಂಟನೇ ನಂಬರಿನೊಳಗೆ ಅವನ ಬರಿಗಾಲು ಅಳೆದು ಹೊಲಿದ ಹಾಗೆ ಹೋಗಿ ಕೂತಿತು. ಸುಂದರಣ್ಣ ಬಗ್ಗಿ ಹಿಮ್ಮಡಿಯ ಹತ್ತಿರ ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ. ಅವರಿಗೆ ಖುಷಿಯಾಯಿತು.

"ಫಸ್ಟ್ ಕ್ಲಾಸ್. ಇದನ್ನೇ ಕಟ್ಟಿ."

"ಇದು ಬೇಡ. ಹತ್ತು ಕೊಂಡೋಗಿ," ಅಂದಳು ಸುಹರಾ.

"ಎಂತಕ್ಕೆ? ಸಡಿಲ ಆದ್ರೆ ನೀರು ಹೋಗುದಿಲ್ವಾ?"

ಈ ಊರಿನವರಿಗೆ ನೀರೆಂದರೆ ಒಳಗೆ ನುಗ್ಗುವ ವೈರಿ. ಜೂನಿನಿಂದ ಅದರೊಡನೆ ಗುದ್ದಾಡಿ ಕಲಿತದ್ದು ಒಂದೇ ಪಾಠ, ಎಡೆ ಬಿಡಬಾರದು ಎನ್ನುವುದು. ಕಾಲು ಒದ್ದೆಯಾಗದಿದ್ದರೆ ಬೆಚ್ಚಗಿದೆ ಎಂದೇ ಅರ್ಥ. ಒಂದು ಹನಿಯೂ ಒಳಗೆ ಬಾರದೆ ನೀರು ಕಾಲನ್ನು ತಿನ್ನಬಲ್ಲದು ಎಂದು ತಿಳಿಯಬೇಕಾದರೆ ಐಸಿನಲ್ಲಿ ನಿಂತು ಸಂಬಳ ತೆಗೆದುಕೊಂಡಿರಬೇಕು.

"ನೀರು ಎದೆಯಿಂದ ಮೇಲೆ ಬಂದ್ರೆ ಮಾತ್ರ ಒಳಗೆ ಹೋಗುದು. ಅದಕ್ಕೆ ಬೆಲ್ಟ್ ಉಂಟು, ಬಿದ್ರೂ ಕಾಲಿಗೆ ತುಂಬುದಿಲ್ಲ. ಬೆರಳು ಆಡ್ಲಿಕ್ಕೆ ಜಾಗ ಬೇಕು ಸುಂದರಣ್ಣ. ಉಣ್ಣೆಯ ಸಾಕ್ಸ್ ಹಾಕ್ಲಿಕ್ಕೆ ಜಾಗ ಬೇಕು."

"ಸಾಕ್ಸ್ ಉಂಟು, ಎರಡು ಜೊತೆ," ಎಂದು ವಿನೀತ್ ಬ್ಯಾಗಿನಿಂದ ತೆಗೆದ.

"ನೋಡಿ, ಕಾಲಿಗೂ ಮಂಕಿ ಕ್ಯಾಪ್," ಅಂದರು ಅಪ್ಪ. ಆಮೇಲೆ ಸ್ವರ ತಗ್ಗಿಸಿ, "ಅಕ್ಕ, ಬೇಜಾರ್ ಮಾಡ್ಬೇಡಿ. ಹತ್ತು ನಂಬರಿನ ಕಾಲು ಈ ಊರಲ್ಲಿ ಯಾರಿಗೆ ಉಂಟು? ಹೋಗದ ಮಾಲು ನಮ್ಮ ತಲೆಗೆ ಕಟ್ಟುದಾ?"

ಸುಹರಾಳ ಮೈ ಕಾದ ಕಾವಲಿಯಾಯಿತು. ಎಂಟನೇ ನಂಬರನ್ನು ಮಡಚಿ ಚೀಲಕ್ಕೆ ತುರುಕಿದಳು. ಕೊಂಡೋಗಲಿ. ಕಾಲು ಅವರ ಮಗನದ್ದು, ಬುದ್ಧಿ ಅವರದ್ದು. ಚೀಲದ ಬಾಯಿಗೆ ಗಂಟು ಹಾಕುವಾಗ ಹುಡುಗನ ಪಾದ ಕಣ್ಣಿಗೆ ಬಿತ್ತು. ಬೆಂಚಿನ ಕೆಳಗೆ ಅವನು ಹತ್ತೂ ಬೆರಳನ್ನು ಸುಮ್ಮನೆ ಬಿಡಿಸುತ್ತಾ ಮಡಚುತ್ತಾ ಕೂತಿದ್ದ. ಸುಹರಾ ಗಂಟು ಬಿಚ್ಚಿದಳು.

ಓಣಿಯಲ್ಲಿ ಪೌಲ್ ಐಸಿನ ಗಾಡಿ ತಳ್ಳಿಕೊಂಡು ಬರುತ್ತಿದ್ದ. ಸುಹರಾ ಅಂಗಡಿಯ ಮುಂದಿದ್ದ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ತೋರಿಸಿದಳು.

"ಪೌಲಣ್ಣ, ಈ ತೊಟ್ಟಿಗೆ ಅರ್ಧ ಐಸ್ ಹಾಕಿ. ಮೇಲೆ ನೀರು ಬಿಡ್ತೇನೆ."

"ಎಂತ ಮೀನು ಬಂತು ಸುಹರಕ್ಕ?"

"ಮೀನಲ್ಲ. ಇವರಿಬ್ಬರನ್ನು ಇಡ್ಲಿಕ್ಕೆ."

ಪೌಲ್ ಸುಂದರಣ್ಣನ ಹೊಟ್ಟೆ ನೋಡಿದ. "ಹಾಗಾದ್ರೆ ಐಸ್ ಸಾಕಾಗ್ಲಿಕ್ಕಿಲ್ಲ."

ಎಂಟನೇ ನಂಬರನ್ನು ಬರಿಗಾಲಿಗೆ ಅಪ್ಪ ಹಾಕುವುದು, ಹತ್ತನ್ನು ಎರಡು ಸಾಕ್ಸಿನ ಮೇಲೆ ಮಗ ಹಾಕುವುದು, ಇಬ್ಬರೂ ಮುಕ್ಕಾಲು ಗಂಟೆ ನಿಲ್ಲುವುದು ಎಂದು ಸುಹರಾ ಹೇಳಿದಳು. ಅಪ್ಪನ ಕಾಲೂ ಎಂಟೇ. ಸುಂದರಣ್ಣ ಹಿಂಜರಿಯುವ ಜನವಲ್ಲ. ಹಾಗೆ ಉರ್ವದ ಹೊಟೇಲಿನ ಯಜಮಾನರು ಎದೆಯವರೆಗಿನ ರಬ್ಬರು ಏರಿಸಿಕೊಂಡು, ಬಂದರಿನ ನಡುಬೀದಿಯಲ್ಲಿ, ಮಗನ ಪಕ್ಕದಲ್ಲಿ, ಮೊಣಕಾಲು ಮುಳುಗುವ ಐಸುನೀರಿನಲ್ಲಿ ನಿಂತರು.

ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಮಹಾಬಲ ಅಲ್ಲೇ ನಿಂತ. "ಸುಂದರಣ್ಣ, ಕಿಲೋಕ್ಕೆ ಎಷ್ಟು?"

"ನಿನಗೆ ತಲೆ ಮಾತ್ರ ಸಿಗ್ತದೆ, ಹೋಗು," ಅಂದರು ಸುಂದರಣ್ಣ.

ಮೊದಲ ಹತ್ತು ನಿಮಿಷ ಅವರದ್ದೇ ಗೆಲುವು. ಒಂದು ಹನಿ ಒಳಗಿಲ್ಲ, ಎಂತ ಸಹ ಆಗುವುದಿಲ್ಲ, ಇದಕ್ಕೆ ಇಷ್ಟು ನಾಟಕ ಯಾಕೆ ಎಂದು ದಾರಿಹೋಕರಿಗೆಲ್ಲ ಹೇಳಿದರು. ಕಾಲು ಗಂಟೆಗೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸತೊಡಗಿದರು. ಆಮೇಲೆ ಮಾತು ಕಡಿಮೆಯಾಯಿತು. ಅರ್ಧ ಗಂಟೆಯ ಹೊತ್ತಿಗೆ ಬಾಯಿ ಪೂರಾ ನಿಂತಿತ್ತು. ಆದರೆ ಮನುಷ್ಯ ಹೊರಗೆ ಬರಲಿಲ್ಲ. ಸೋಲುವುದಕ್ಕಿಂತ ಐಸೇ ಒಳ್ಳೆಯದು ಎಂಬ ಮುಖ.

"ವಿನೀತ್, ನಿನಗೆ ಹೇಗೆ ಉಂಟು?" ಸುಹರಾ ಕೇಳಿದಳು.

"ಚಳಿ ಉಂಟು ಅಕ್ಕ. ಆದ್ರೆ ಬೆರಳು ಉಂಟು."

"ಸುಂದರಣ್ಣ, ನೀವು ಹೆಬ್ಬೆರಳು ಆಡಿಸಿ ನೋಡುವ."

"ಆಡಿಸ್ತಾ ಇದ್ದೇನೆ."

"ಆಡ್ತಾ ಉಂಟಾ?"

ಸುಂದರಣ್ಣ ಬಗ್ಗಿ ನೀರೊಳಗಿನ ಬೂಟನ್ನು ನೋಡಿದರು. "ಆಡಿಸ್ತಾ ಇದ್ದೇನೆ ಅಂತ ಅಂದ್ಕೊಂಡಿದ್ದೇನೆ," ಅಂದರು.

ಮಗ ಅಪ್ಪನ ಕೈಹಿಡಿದು ತೊಟ್ಟಿಯಿಂದ ಇಳಿಸಿದ. ನೆಲ ಎಲ್ಲಿ ಸಿಗುತ್ತದೆಂದು ತಿಳಿಯದವರ ಹಾಗೆ ಎರಡು ಹೆಜ್ಜೆ ಇಟ್ಟು, ಬೆಂಚಿನ ಮೇಲೆ ಧಪ್ಪನೆ ಕೂತರು. ಬೂಟು ಕಳಚಲು ಮೂವರು ಬೇಕಾದರು. ಒಳಗಿನಿಂದ ಬಂದ ಪಾದ ಪೂರ್ತಿ ಒಣಗಿತ್ತು. ಬೆರಳುಗಳು ಮಾತ್ರ ಸುಣ್ಣ ಬಳಿದ ಹಾಗೆ ಬಿಳಿ.

"ಬಿಸಿನೀರು ತರ್ತೇನೆ," ಎಂದು ಪೌಲ್ ಹೊರಟ.

"ಬೇಡ," ಸುಹರಾಳ ಸ್ವರ ಗಟ್ಟಿಯಾಯಿತು. "ಗೊತ್ತಾಗದೆ ಬೆಂದು ಹೋಗ್ತದೆ. ವಿನೀತ್, ಕೈಯಲ್ಲಿ ಹಿಡ್ಕೊ. ತಿಕ್ಕಬೇಡ, ಸುಮ್ಮನೆ ಹಿಡ್ಕೊ."

ವಿನೀತ್ ನೆಲದಲ್ಲಿ ಕೂತು ಅಪ್ಪನ ಪಾದಗಳನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಮುಚ್ಚಿ ಹಿಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಗ ಸುಹರಾ ತನ್ನ ಎಡಗಾಲಿನ ಚಪ್ಪಲಿ ಕಳಚಿದಳು. ಇಷ್ಟು ವರ್ಷದಲ್ಲಿ ಅಂಗಡಿಯಲ್ಲಿ ಯಾರಿಗೂ ತೋರಿಸದ ಪಾದ. ಕೊನೆಯ ಎರಡು ಬೆರಳು ಬಣ್ಣಗೆಟ್ಟು, ಉಗುರಿಲ್ಲದೆ, ಒಂದರ ಮೇಲೊಂದು ಮಲಗಿದ್ದವು.

"ಹನ್ನೊಂದು ವರ್ಷ ಸಿಗಡಿ ಫ್ಯಾಕ್ಟರಿಯಲ್ಲಿ ನಿಂತವಳು ನಾನು. ನೆಲ ಪೂರಾ ಐಸುನೀರು. ಅಲ್ಲಿಯವರಿಗೆ ಹೆಂಗಸರೆಂದ್ರೆ ಒಂದೇ ಅಚ್ಚಿನ ಇಡ್ಲಿ. ಎಲ್ಲರಿಗೂ ಐದನೇ ನಂಬರ್ ಬೂಟು. ನನ್ನ ಕಾಲು ಆರೂವರೆ. ಕೇಳಿದ್ರೆ, ಟೈಟ್ ಇದ್ರೆ ನೀರು ಹೋಗುದಿಲ್ಲ ಒಳ್ಳೇದು ಅಂತ ಸೂಪರ್‌ವೈಸರ್. ನೀವು ಈಗ ಹೇಳಿದ್ದೇ ಮಾತು. ನೀರು ಹೋಗ್ಲಿಲ್ಲ, ಅದು ಸತ್ಯ. ಒಂದು ದಿನ ಮನೆಯಲ್ಲಿ ಕುದಿಯುವ ಗಂಜಿತಿಳಿ ಕಾಲಿಗೆ ಚೆಲ್ಲಿತು. ನಾನು ನೆಲ ಒರೆಸಿ, ಪಾತ್ರೆ ತೊಳೆದು, ಊಟಕ್ಕೆ ಕೂತಾಗ ಗುಳ್ಳೆ ನೋಡಿದ್ದು."

ಸುಂದರಣ್ಣ ಆ ಬೆರಳುಗಳನ್ನು ನೋಡಿದರು, ಕೆಳಗೆ ಮಗನ ಕೈಗಳನ್ನು ನೋಡಿದರು.

"ನಾನು ಹೇಳಿದ್ದು ತಪ್ಪಾಯ್ತು ಅಕ್ಕ," ಅಂದರು. ಅಷ್ಟು ಹೇಳಿ ಮುಗಿಸುವವರಂತೆ ಕಂಡರು, ಮುಗಿಸಲಿಲ್ಲ. "ಜನವರಿಗೆ ಬರ್ತಾನೆ ಅಂತ ನಾನು ಹೇಳ್ತಾ ಇದ್ದದ್ದು ತಮಾಷೆಗಲ್ಲ. ಬರ್ಲಿ ಅಂತಲೇ ಮನಸ್ಸಲ್ಲಿ ಇತ್ತು. ಹೀಗೆ ಕಾಲು ಹಾಳಾಗಿ ಬರ್ಲಿ ಅಂತ ಇರ್ಲಿಲ್ಲ."

ವಿನೀತನ ಕೈ ಅಲ್ಲಾಡಲಿಲ್ಲ.

"ಗೊತ್ತಾಗ್ತಾ ಉಂಟಾ ಪಪ್ಪ?"

"ಸೂಜಿ ಚುಚ್ಚಿದ ಹಾಗೆ ಆಗ್ತಾ ಉಂಟು."

"ಒಳ್ಳೇದು, ರಕ್ತ ಬರ್ತಾ ಉಂಟು," ಅಂದಳು ಸುಹರಾ.

ಹತ್ತನೇ ನಂಬರನ್ನು ಅವಳು ಒರೆಸಿ ಮಡಚಿದಳು. ಬೆಲ್ಟನ್ನು ಯಾವತ್ತೂ ಬಿಡಬಾರದು, ಸಂಜೆ ಒಳಬದಿ ಗಾಳಿಗೆ ಹಾಕಬೇಕು, ಬೆವರಿದ ಸಾಕ್ಸನ್ನು ಮರುದಿನ ಹಾಕಬಾರದು ಎಂದು ಹುಡುಗನಿಗೆ ಹೇಳಿದಳು. "ನಿಂತಲ್ಲೇ ಬೆರಳು ಆಡಿಸ್ತಾ ಇರು. ಆಡದಿದ್ರೆ ಹೊರಗೆ ಬಾ. ಯಾರು ಬೈದ್ರೂ."

"ಕೇಳಿದ್ಯಾ? ಯಾರು ಬೈದ್ರೂ," ಅಂದರು ಸುಂದರಣ್ಣ. ಚೀಲ ಕೈಗೆ ತೆಗೆದುಕೊಳ್ಳುತ್ತಾ ಕೇಳಿದರು, "ಅಲ್ಲಿ ಚಳಿ ಎಲ್ಲಿವರೆಗೆ ಮಗ?"

"ಮಾರ್ಚ್ ಕೊನೆವರೆಗೆ ಅಂತೆ."

"ಹಾಗಾದ್ರೆ ಎರಡು ಜೊತೆ ಸಾಕ್ಸ್ ಎಂತಕ್ಕೆ ಸಾಕಾಗ್ತದೆ? ಅದು ಒಣಗುವುದು ಬೇಡವಾ? ರೈಲಿಗೆ ಮೊದಲು ಇನ್ನೂ ನಾಲ್ಕು ಜೊತೆ ಹುಡುಕುವ. ಈ ಊರಲ್ಲಿ ಯಾರಾದ್ರೂ ಇಟ್ಟಿರ್ಬೇಕು."

ಅವರು ಎದ್ದು ಸ್ಕೂಟರಿನವರೆಗೆ ಕುಂಟುತ್ತಾ ಹೋಗಿ, ಕೀಲಿಯನ್ನು ಮಗನ ಕೈಗಿಟ್ಟರು.

"ನೀನೇ ಬಿಡು. ಕಾಲು ಇನ್ನೂ ನನ್ನದಾಗ್ಲಿಲ್ಲ."

ಬೂಟಿನ ಚೀಲವನ್ನು ಎದೆಗೆ ಒತ್ತಿಕೊಂಡು ಅವರು ಹಿಂದೆ ಕೂತರು. ವಿನೀತ್ ಮೆಲ್ಲನೆ ಸ್ಕೂಟರನ್ನು ಲಾರಿಗಳ ನಡುವಿನಿಂದ ತಿರುಗಿಸಿ ಪೇಟೆಯ ಕಡೆ ಬಿಟ್ಟ.