ದೊಡ್ಡವರು ಬರುವ ತನಕ

ಅಪ್ಪನ ಚಟ್ಟದ ತಲೆಯ ಕಡೆಯ ಗಂಟನ್ನು ಮಗಳು ಬಿಚ್ಚಿ, ಹಲ್ಲಿನಿಂದ ಕಚ್ಚಿ ಮತ್ತೆ ಬಿಗಿದಳು. ಕಟ್ಟಿದವರು ಯಾರೋ ಸಡಿಲ ಬಿಟ್ಟಿದ್ದರು. ಇಪ್ಪತ್ತೈದು ವರ್ಷ ಅಪ್ಪನ ಪಕ್ಕದಲ್ಲಿ ಕೂತು ಕುರ್ಚಿಗಳಿಗೆ ಬೆತ್ತ ಹೆಣೆದ ಕೈ ಅವಳದು. ಸಡಿಲ ಗಂಟು ಕಂಡರೆ ಅದಕ್ಕೆ ತಡೆಯುತ್ತಿರಲಿಲ್ಲ.

“ಈಗ್ಲೇ ಯಾಕೆ ಬಿಗೀತೀಯ ಅಕ್ಕ? ದೊಡ್ಡವರು ಇನ್ನೂ ಬಂದಿಲ್ಲ,” ಎಂದ ತಮ್ಮ, ಕಿವಿಯಿಂದ ಫೋನು ತೆಗೆಯದೆ.

“ಹತ್ತು ಗಂಟೆಗೆ ಬರ್ತಾರೆ ಅಂದಿದ್ದೆ ನೀನು. ಈಗ ಒಂದೂವರೆ.”

“ದಾರೀಲಿದಾರಂತೆ.”

“ಬೆಳಗ್ಗೆಯಿಂದ ದಾರೀಲೇ ಇದಾರಲ್ಲಪ್ಪ. ತೆವಳ್ಕೊಂಡು ಬರ್ತಿದಾರಾ?” ಎಂದಳು ಪಕ್ಕದ ಮನೆಯ ಇಸ್ತ್ರಿಯಾಕೆ. ಯಾರೋ ಕಿಸಕ್ಕನೆ ನಕ್ಕು, ಹೆಣದ ನೆನಪಾಗಿ ಕೆಮ್ಮಿದರು.

ದೊಡ್ಡವರ ಸಹಿಯಿಲ್ಲದೆ ಆ ಪೇಟೆಯಲ್ಲಿ ಯಾವ ಮಳಿಗೆಯ ಬಾಗಿಲೂ ತೆರೆಯುತ್ತಿರಲಿಲ್ಲ. ತಮ್ಮ ಅವರದೇ ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಅಪ್ಪನ ಅಂಗಡಿ, ಅಂದರೆ ಮಾರುಕಟ್ಟೆಯ ಮೆಟ್ಟಿಲ ಕೆಳಗಿನ ಎಂಟಡಿ ಕೋಣೆ, ಅಪ್ಪನ ಹೆಸರಿನಲ್ಲಿತ್ತು. ಅದು ಮಗಳ ಹೆಸರಿಗೆ ಆಗದಿದ್ದರೆ ತಿಂಗಳೊಳಗೆ ಬೀಗ ಬೀಳುತ್ತದೆ. ಅವಳ ಅನ್ನವಿದ್ದದ್ದು ಆ ಎಂಟಡಿಯಲ್ಲೇ.

ತಮ್ಮ ಹತ್ತಿರ ಬಗ್ಗಿ ಪಿಸುಗುಟ್ಟಿದ: “ಅವರು ಬಂದಾಗ ಎರಡು ಹನಿ ಕಣ್ಣೀರು ಹಾಕಿ ಅಂಗಡಿ ಮಾತೆತ್ತು. ಸತ್ತ ಮನೇಲಿ ಯಾರೂ ಆಗಲ್ಲ ಅನ್ನಲ್ಲ.”

ಅವಳ ಮೈ ಉರಿಯಿತು. ತಮ್ಮನ ಮೇಲೆ ಒಂದಷ್ಟು, ಬಾರದ ದೊಡ್ಡವರ ಮೇಲೆ ಒಂದಷ್ಟು. ಎಲ್ಲಕ್ಕಿಂತ ಹೆಚ್ಚು, ಇಷ್ಟೆಲ್ಲ ಆಗುತ್ತಿದ್ದರೂ ಏನೂ ಆಗದವನಂತೆ ಮಲಗಿದ್ದ ಅಪ್ಪನ ಮೇಲೆ. ಬದುಕಿದ್ದಾಗಲೂ ಹೀಗೇ ಮಲಗುತ್ತಿದ್ದ.

*

ಆಸ್ಪತ್ರೆಯ ಮಂಚಕ್ಕೆ ಅಪ್ಪನ ಸರದಿ ಹದಿನೇಳನೆಯದು. ತಮ್ಮ ದೊಡ್ಡವರಿಂದ ಶಿಫಾರಸಿನ ಕಾಗದ ತಂದಿದ್ದ. ಅಪ್ಪ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದ.

“ಇದನ್ನ ಕೊಟ್ರೆ ನಾಳೇನೇ ಮಂಚ ಸಿಗತ್ತಾ?”

“ಸಿಗತ್ತಪ್ಪ.”

“ಮಂಚ ಒಂದೂ ಖಾಲಿ ಇಲ್ಲ ಅಂದ್ರಲ್ಲ ಮೊನ್ನೆ. ಹಾಗಾದ್ರೆ ನಾಳೆ ಯಾರನ್ನ ಎಬ್ಬಿಸ್ತಾರೆ?”

ತಮ್ಮ ಚಪ್ಪಲಿ ನೋಡಿಕೊಂಡ. ಅಪ್ಪ ಕಾಗದವನ್ನು ಅದರ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟ. “ಸರದಿ ಬರ್ಲಿ. ಅದಕ್ಕೆ ಮುಂಚೆ ಮೇಲಿರೋ ಅವನೇ ಕರೆದ್ರೆ ಅವನ ಹತ್ರಾನೇ ಹೋಗೋಣ.”

“ಅವನು, ಅವನು!” ಎಂದು ಮಗಳು ಚೀರಿದಳು. “ಮಾಡು ಸೋರಿದಾಗ ಬಂದನಾ ನಿನ್ನವನು? ಹತ್ತಿ ತೇಪೆ ಹಾಕಿದ್ದು ನಾನು!”

“ನಿನ್ನನ್ನ ಹತ್ತಿಸಿದ್ದು ಯಾರು ಅಂದ್ಕೊಂಡೆ ಮಗಳೇ?”

ಕೈಯಲ್ಲಿದ್ದ ಲೋಟವನ್ನು ಅವಳು ಗೋಡೆಗೆ ಎಸೆದಳು. ಅಪ್ಪ ಅದು ಉರುಳಿ ನಿಲ್ಲುವ ತನಕ ನೋಡಿ, ದಿನವೂ ಬೆತ್ತ ಹೆಣೆಯುತ್ತ ಹೇಳಿಕೊಳ್ಳುತ್ತಿದ್ದ ಪದ್ಯವನ್ನೇ ಗುನುಗುತ್ತ ಗೋಡೆಯ ಕಡೆ ಹೊರಳಿದ. ಪದ್ಯ ಮುಗಿಯುವ ಮೊದಲೇ ಗೊರಕೆ. ಅವಳು ಹಲ್ಲು ಕಚ್ಚಿಕೊಂಡು ಆ ಗೊರಕೆ ಕೇಳಿದಳು.

ಮುಂದೆ ಇನ್ನು ಮೂರೇ ಜನ ಉಳಿದಿದ್ದಾಗ, ನಿನ್ನೆ ಸಂಜೆ, ಅವನೇ ಅಪ್ಪನನ್ನು ಕರೆದುಕೊಂಡ.

*

“ಮೂರು ಗಂಟೆಗೆ ಬರ್ತಾರಂತೆ. ಯಾವುದೋ ಉದ್ಘಾಟನೆ ಮುಗಿಸ್ಕೊಂಡು,” ಎಂದ ತಮ್ಮ ಫೋನು ಇಳಿಸಿ.

“ಗುಂಡಿ ತೋಡಿದವನು ಎರಡು ಸಲ ಹೇಳಿ ಕಳಿಸಿದಾನೆ,” ಎಂದ ಕೀಲಿ ಅಜ್ಜ. ಬೀಗ ರಿಪೇರಿಯವನು, ಅಪ್ಪನ ಅಂಗಡಿಯ ಎದುರಿಗೇ ನಲವತ್ತು ವರ್ಷ ಕೂತವನು. “ಅಂಚಿನ ಮಣ್ಣು ಕುಸೀತಿದೆಯಂತೆ.” ಹೆಣದ ಪಾದ ಮುಚ್ಚಿದ್ದ ಬಟ್ಟೆಯನ್ನು ಸರಿಮಾಡುತ್ತ ಅಜ್ಜ ತನ್ನಷ್ಟಕ್ಕೆ ಹೇಳಿಕೊಂಡ: “ಹೆಣೆದ ಕುರ್ಚಿ ಒಣಗಿದ ಮೇಲೆ ಅದರಲ್ಲಿ ಕೂತು ಎರಡೂ ಕಾಲು ಮೇಲೆತ್ತಿ ಹಿಡಿಯೋನು ಮಾರಾಯ. ಏನೋ ಇದು ಮಂಗನಾಟ ಅಂತ ಕೇಳಿದ್ದೆ. ಅರ್ಧ ಭಾರ ನೆಲದ ಮೇಲಿಟ್ಕೊಂಡು ಕೂತ್ರೆ ಬೆತ್ತ ತಡಿಯತ್ತೋ ಇಲ್ವೋ ಹೇಗೆ ಗೊತ್ತಾಗ್ಬೇಕು ಅಂದ.”

ಮಗಳಿಗೆ ಅದು ಗೊತ್ತಿತ್ತು. ಅವಳು ಮಾತ್ರ ತಾನು ಹೆಣೆದ ಯಾವ ಕುರ್ಚಿಯಲ್ಲೂ ಹಾಗೆ ಕೂತವಳಲ್ಲ. ಅಂಗೈಯಲ್ಲಿ ಒತ್ತಿ ನೋಡಿ, ಆಯಿತು ಎನ್ನುತ್ತಿದ್ದಳು. “ಕೂತ್ಕೊಳ್ಳೇ,” ಎಂದು ಅಪ್ಪ ಗದರಿದರೆ, “ಬಿದ್ರೆ ನನ್ನ ಸೊಂಟ ನೀನು ಹೆಣೀತೀಯಾ?” ಎನ್ನುತ್ತಿದ್ದಳು.

ಅಪ್ಪನ ಮೇಲಿನ ಸಿಟ್ಟು ಆರಲಿಲ್ಲ. ಅದೇ ಸಿಟ್ಟಿನಲ್ಲಿ ಅವಳು ಎದ್ದು ನಿಂತಳು.

“ಎತ್ತಿ.”

“ಅಕ್ಕ, ಹುಚ್ಚಾ ನಿನಗೆ? ಅಂಗಡಿ ಹೋಗತ್ತೆ!”

“ಹೋಗ್ಲಿ. ಸಾಯೋವಾಗ್ಲೂ ಸರದಿ ಹಾರದ ಮನುಷ್ಯ ಕಣೋ. ಅವನನ್ನ ತಂದು ಯಾರದೋ ಉದ್ಘಾಟನೆಗೆ ಕಾಯಿಸ್ತೀಯಾ?”

“ಆಮೇಲೆ ಯಾರನ್ನ ಕೇಳ್ತೀಯ? ಯಾರಿದಾರೆ ನಿನಗೆ?”

“ಅಪ್ಪ ಕೇಳಿದವನನ್ನೇ ಕೇಳ್ತೀನಿ.” ಅವಳ ದನಿ ಒಡೆಯಿತು, ಆದರೆ ಇಳಿಯಲಿಲ್ಲ. “ಇಷ್ಟು ವರ್ಷ ಇವನು ನಂಬಿದ್ದು ಸುಳ್ಳಾದ್ರೆ ಉತ್ತರ ಕೊಡಬೇಕಾದವನು ಅವನು. ಬಿಡ್ತೀನಾ ನಾನು? ಜಗಳ ಆಡೋದಾದ್ರೂ ಅವನ ಬಾಗಿಲಲ್ಲೇ ಆಡ್ತೀನಿ. ಇನ್ನೊಬ್ಬರ ಬಾಗಿಲಿಗೆ ಹೋಗಲ್ಲ.”

ಕೀಲಿ ಅಜ್ಜ ಹೆಗಲ ಮೇಲಿನ ಬಟ್ಟೆ ಸರಿಸಿ ಹಿಂದಿನ ತುದಿಗೆ ಹೋಗಿ ನಿಂತ. ಇಸ್ತ್ರಿಯಾಕೆಯ ಗಂಡ ಇನ್ನೊಂದು ಪಕ್ಕಕ್ಕೆ. ಮುಂದಿನ ಬಲಗಡೆಯ ಬಿದಿರಿಗೆ ಮಗಳು ಹೆಗಲು ಕೊಟ್ಟಳು. ಎಡಗಡೆ ಖಾಲಿ. ಅಲ್ಲಿಗೆ ಬಾ ಎಂದು ಅವಳು ಯಾರನ್ನೂ ಕರೆಯಲಿಲ್ಲ. ತಮ್ಮ ಒಂದು ಗಳಿಗೆ ಬೀದಿಯ ಕಡೆ ನೋಡಿದ. ಆಮೇಲೆ ಬಂದು ಬಗ್ಗಿದ.

ಓಣಿಯ ತಿರುವಿನಲ್ಲಿ ಕಾರು ಎದುರಾಯಿತು. ಮೂರಕ್ಕೆ ಎಂದವರು ಎರಡಕ್ಕೇ ಬಂದಿದ್ದರು. ಕಾರು ಬಂದರೆ ನಡೆಯುವವರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಕಿರಿದಾದ ಓಣಿ. ಚಾಲಕ ಒಮ್ಮೆ ಹಾರನ್ ಒತ್ತಿದ.

ತಮ್ಮನ ಹೆಜ್ಜೆ ತಡವರಿಸಿ ಚಟ್ಟ ಎಡಕ್ಕೆ ವಾಲಿತು. ಮಗಳು ಅವನ ಕಡೆ ತಿರುಗಲಿಲ್ಲ; ಭಾರ ತಾಳಿಕೊಂಡು ನಡೆದಳು. ಎರಡೇ ಹೆಜ್ಜೆ, ಚಟ್ಟ ಮತ್ತೆ ಸಮವಾಯಿತು.

ಕಾರಿನ ಗಾಜು ಇಳಿಯಿತು. ಉಂಗುರ ತೊಟ್ಟ ಕೈಯೊಂದು ದಪ್ಪನೆಯ ಹೂವಿನ ಹಾರವನ್ನು ಹೊರಗೆ ಚಾಚಿತು. ಅದನ್ನು ಇಸಿದುಕೊಳ್ಳಲು ಮುಂದಿದ್ದ ಯಾರ ಕೈಯೂ ಬಿಡುವಿರಲಿಲ್ಲ. ಹೊತ್ತವರು ನಿಲ್ಲಲಿಲ್ಲ. ಹಾರ ಕಿಟಕಿಯ ಹೊರಗೇ ತೂಗಾಡುತ್ತಿರಲು, ಕಾರು ಒಂದೊಂದೇ ಗೇಣು ಹಿಂದಕ್ಕೆ ಸರಿಯತೊಡಗಿತು.